ಕೌದಿಯ ನಾಲ್ಕನೆಯ ಮೂಲೆ

"ಚೆಕ್ಕರ್ ಅಂದ್ರ ಏನ್ ಚೆಕ್ ಮಾಡ್ತಿದ್ದಿ? ಹರದ ಟಿಕೆಟ್ಟೋ, ಹರದ ಕಿಸೇನೋ?"

ತೂಗುಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಸಾವ್ಕಾರ ಚನ್ನವೀರಪ್ಪ ಕೇಳಿದ. ಪಡಸಾಲೆಯಲ್ಲಿ ಏಳು ಕುರ್ಚಿಗಳಿದ್ದವು. ಕೊಟ್ರೇಶನಿಗೆ ಒಂದನ್ನೂ ತೋರಿಸಿರಲಿಲ್ಲ.

"ಎರಡೂ ನೋಡ್ತಿದ್ನಿರಿ," ಎಂದ ಕೊಟ್ರೇಶ, ನಿಂತಲ್ಲಿಂದಲೇ. "ಮುಂದಿನ ಸೀಟಿನವರದು ಮೊದಲ ನೋಡ್ತಿದ್ನಿ. ಹಿಂದ ಕುಂತವ್ರು ಟಿಕೆಟ್ ಇಲ್ಲಂದ್ರ ಕೈ ಮುಗೀತಾರ್ರಿ. ಮುಂದ ಕುಂತವ್ರು, ನಾ ಯಾರು ಗೊತ್ತೇನು ಅಂತಾರ."

ಮಗ ಚನ್ನೇಶ ಫೋನಿನಿಂದ ಕಣ್ಣೆತ್ತದೆ ಕಿಸಕ್ಕನೆ ನಕ್ಕ. ಅಪ್ಪ ನಗದಿದ್ದುದನ್ನು ಕಂಡು ಅರ್ಧದಲ್ಲೇ ನಿಲ್ಲಿಸಿದ.

ಶನಿವಾರ ಮಿರ್ಜಾನದ ಕೋಟೆ, ರಾತ್ರಿ ಕುಮಟಾದ ಕಡಲ ದಂಡೆಯ ಒಂದು ಲಾಡ್ಜು, ಭಾನುವಾರ ಸಂಜೆ ಮರಳಿ ಹತ್ತಿಮತ್ತೂರು. ಎರಡು ದಿನದ ಈ ವಿಹಾರದಲ್ಲಿ ಸೊಸೆ ಪೂಜಾಳ ದಿಂಬಿನ ಕೆಳಗಿದ್ದ, ತೀರಿಹೋದ ಅತ್ತೆಯ ಕಾಲದ, ಬಂಗಾರದ ಗುಂಡುಗಳ ಬೋರಮಾಳ ಸರ ಮಾಯವಾಗಿತ್ತು. ಸಾವ್ಕಾರನಿಗೆ ಹೊತ್ತಿಗೆ ಸರಿಯಾಗಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಲೆಂದು ಜೊತೆಗೆ ಕರೆದೊಯ್ದಿದ್ದ ಹೇಮಾಳ ಚೀಲವನ್ನು ಲಾಡ್ಜಿನ ಮೊಗಸಾಲೆಯಲ್ಲಿ, ಬಂದುಹೋಗುವವರೆಲ್ಲ ನೋಡುತ್ತಿದ್ದಂತೆ, ತಲೆಕೆಳಗು ಮಾಡಿ ಕೊಡವಿದ್ದರು. ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ, ಒಂದು ಡಬ್ಬಿ ಅವಲಕ್ಕಿ ಬಿದ್ದವು. ಸರ ಬೀಳಲಿಲ್ಲ.

ಆದರೂ ಫಿರ್ಯಾದಿ ಟೈಪಾಗಿತ್ತು. ಸಾವ್ಕಾರನ ತೊಡೆಯ ಪಕ್ಕದಲ್ಲಿ, ಕನ್ನಡಕದ ಕೆಳಗೆ, ಗಾಳಿಗೆ ಅಂಚು ಅಲ್ಲಾಡಿಸುತ್ತ ಬಿದ್ದಿತ್ತು.

ಹೇಮಾ ನರ್ಸಿಂಗ್ ಮುಗಿಸಿದವಳು. ಸರ್ಕಾರಿ ದವಾಖಾನೆಯ ನೌಕರಿಗೆ ಅವಳ ಹೆಸರು ಬಂದು ಹದಿನೈದು ದಿನವಾಗಿತ್ತು. ಉಳಿದಿದ್ದು ಪೊಲೀಸ್ ಪರಿಶೀಲನೆಯೊಂದೇ. ಠಾಣೆಯ ಪುಸ್ತಕದಲ್ಲಿ ಕಳವಿನ ಪಕ್ಕ ಅವಳ ಹೆಸರು ಬಿದ್ದರೆ ನೌಕರಿ ಹೋದಂತೆಯೇ. ಅದಕ್ಕೇ ಅವಳ ತಾಯಿ ಗುತ್ತೆವ್ವ ಬೆಳಗಿನ ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೋಗಿ ಕೊಟ್ರೇಶನ ಬಾಗಿಲು ತಟ್ಟಿದ್ದಳು. ಬಸ್ಸುಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಮೇಲೆ, ಕಳೆದದ್ದನ್ನೂ ಕದ್ದದ್ದನ್ನೂ ಹುಡುಕಿಕೊಡುವ ಮನುಷ್ಯ ಎಂದು ನಾಲ್ಕು ತಾಲೂಕಿನಲ್ಲಿ ಅವನಿಗೆ ಹೆಸರಿತ್ತು. ಸಾವ್ಕಾರರ ಮನೆಗಳಲ್ಲಿ ಮಾತ್ರ ಅವನಿನ್ನೂ ಬಸ್ಸಿನ ಚೆಕ್ಕರ್.

"ನಾಕು ಗಂಟೇಕ ಸವಣೂರು ಠಾಣೇಕ ಹೊಂಡಾಂವ ನಾನು," ಎಂದ ಚನ್ನವೀರಪ್ಪ. "ಅಷ್ಟರಾಗ ಏನರ ಹುಡುಕೂದಿದ್ರ ಹುಡುಕ್ಕೊ. ಮನ್ಯಾಗ ಇದ್ದದ್ದೆಲ್ಲ ಎಣಿಸಿ ಇಟ್ಟೇನಿ."

"ಸರ ಆಕಿ ಹಂತ್ಯಾಕ ಸಿಕ್ಕಿಲ್ಲಲ್ರಿ."

"ಸಿಕ್ಕಿಲ್ಲ ಅಂದ್ರ ದೊಡ್ಡ ಕಳ್ಳಿ ಅಂತ ಅರ್ಥ. ಸಣ್ಣವ್ರು ಸಿಗ್ತಾರ."

ಪೂಜಾ ಚಹಾ ತಂದಳು. ಈ ಮನೆಯಲ್ಲಿ ಹೊರಗಿನವರಿಗೆ ಕಾಗದದ ಕಪ್ಪು. ಕಿಟಕಿಯ ಮೇಲೆ ಅದರದೊಂದು ಅಟ್ಟಿಯೇ ಇತ್ತು. ಅವಳ ತಟ್ಟೆಯಲ್ಲಿದ್ದುದು ಮೂರೂ ಸ್ಟೀಲಿನ ಲೋಟಗಳು. ಮಾವ ಲೋಟವನ್ನು ನೋಡಿದ, ಸೊಸೆಯನ್ನು ನೋಡಿದ. ಸೊಸೆ ಕಿಟಕಿಯ ಕಡೆಗೆ ನೋಡಲೇ ಇಲ್ಲ. ಕೊಟ್ರೇಶನ ಕೈಗೇ ಲೋಟ ಕೊಟ್ಟು, "ಬಿಸಿ ಐತ್ರಿ, ಅಂಚು ಹಿಡೀರಿ" ಅಂದಳು.

ಅಷ್ಟರಲ್ಲಿ ಚನ್ನವೀರಪ್ಪನ ಕೈ ತೂಗುಮಣೆಯ ಮೇಲೆ ಏನನ್ನೋ ತಡಕಿತು.

"ಇಲ್ಲಿದ್ದ ಕೌದಿ ಎಲ್ಲಿ?"

"ಉಸುಕ ತುಂಬಿತ್ತಲ್ರಿ ಮಾಮಾ. ಝಾಡಿಸ್ಲಿ ಅಂತ ಹಿತ್ತಲದಾಗ ಹಾಕೇನಿ."

"ಯಾರ ಹೇಳಿದ್ರು ನಿನಗ? ತರ್ಸು ಒಳಗ."

ಕೊಟ್ರೇಶ ಚಹಾ ಕುಡಿದ. ಕೆಲಸದವರ ಸಂಬಳವನ್ನೇ ಮರೆಯುವ ಮನುಷ್ಯನಿಗೆ ಹಳೆಯ ಕೌದಿಯೊಂದು ಇಷ್ಟು ನೆನಪಿರುವುದು ಅವನಿಗೆ ಚಹಾಕ್ಕಿಂತ ರುಚಿಯಾಯಿತು.

"ನಾನ ತರ್ತೇನಿ ಬಿಡ್ರಿ," ಎಂದು ಲೋಟ ಕೆಳಗಿಟ್ಟು ಹಿತ್ತಲಿಗೆ ನಡೆದ.

ಹಿತ್ತಲ ಗೋಡೆಯ ಬಳಿ ಗುತ್ತೆವ್ವ ಆ ಕೌದಿಯನ್ನು ಬಡಿಯುತ್ತಿದ್ದಳು. ಮಗಳನ್ನು ಕಳ್ಳಿ ಎಂದ ಮನೆ, ಮರುದಿನವೇ ಅವ್ವನಿಂದ ಉಸುಕು ಝಾಡಿಸುತ್ತಿತ್ತು. ಯಾರೂ ಹೇಳಿರಲಿಲ್ಲವಂತೆ. ಗೋಡೆಯ ಮೇಲೆ ನೋಡಿದಳಂತೆ, ಕೈ ತಾನಾಗಿ ಹೋಯಿತಂತೆ. ಹನ್ನೊಂದು ವರ್ಷದ ಹಿಂದೆ ಸಾವ್ಕಾರ್ತಿ ತೀರಿಕೊಂಡಾಗ ಅವಳ ಸೀರೆಗಳನ್ನೆಲ್ಲ ಕತ್ತರಿಸಿ ಈ ಕೌದಿ ಹೊಲಿದುಕೊಟ್ಟವಳು ಗುತ್ತೆವ್ವನೇ.

"ಕೊಟ್ರೇಶಣ್ಣ, ಇಲ್ಲೊಂಚೂರು ಕೈ ಇಡ ಬಾ." ಅವಳ ದನಿ ಇಳಿದಿತ್ತು. "ಮೂರ ಮೂಲಿ ನನ್ನವು. ಈ ನಾಕನೇದ್ದು ನನ್ನ ಕೈಯಾಂದಲ್ಲ."

"ಹೆಂಗ ಹೇಳ್ತಿ?"

"ಹಡದ ಕೂಸಿನ ಮಾರಿ ಹೆಂಗ ಗುರ್ತು ಹಿಡೀತಾರ, ಹಂಗ." ಅವಳು ಬೆರಳಿಟ್ಟು ತೋರಿಸಿದಳು. "ನಾವು ಅಂಚಿನಿಂದ ಸುತ್ತ ಹೊಲಕೋತ ಒಳಗ ಬರ್ತೇವಿ. ಒಂದ ಮೂಲಿ ಮಾತ್ರ ಬಾಯಿ ತಗದು ಬಿಟ್ಟಿರ್ತೇವಿ. ಎಲ್ಲಾ ಮುಗದಮ್ಯಾಲೆ ಅದರಾಗ ಒಂದ ಚೂರು ಹೋಳ್ಗಿ ಇಟ್ಟು ಬಾಯಿ ಹೊಲೀತೇವಿ. ಮಂದಿ ಮೈ ಮುಚ್ಚೂ ವಸ್ತು ತಾ ಹಸಕೊಂಡಿರಬಾರ್ದು ಅಂತ. ಇದ ಆ ಮೂಲಿ. ನಾ ಸಣ್ಣ ಸೂಜಿಲೇ ಹೊಲದಿದ್ನಿ. ಈ ತೂತು ನೋಡು, ದಬ್ಬಣದ್ದು. ಕೌದಿ ಯಾರರ ದಬ್ಬಣಲೇ ಹೊಲೀತಾರೇನು?"

ಕೊಟ್ರೇಶ ಬಗ್ಗಿ ನೋಡಿದ. ಉಳಿದ ಮೂರು ಮೂಲೆಗಳು ಚಪ್ಪಟೆಯಾಗಿ, ಹೇಳಿದ ಮಾತು ಕೇಳುವ ಮಕ್ಕಳಂತೆ ಬಿದ್ದುಕೊಂಡಿದ್ದವು. ನಾಲ್ಕನೆಯದರ ತುದಿ ಮಾತ್ರ ತಿರುಚಿಕೊಂಡು ಹೊರಗೆ ನಿಂತಿತ್ತು, ಆಡಿನ ಕಿವಿಯ ಹಾಗೆ. ಒತ್ತಿದರೆ ಬೆರಳಿಗೆ ಗಟ್ಟಿ ಗಟ್ಟಿ ಕಾಳಿನಂಥದ್ದು ಸಿಕ್ಕಿತು. ಸಾಲು ಕಾಳು. ಹೋಳಿಗೆಯಂತೂ ಅಲ್ಲ.

ಗುತ್ತೆವ್ವನ ಕಣ್ಣು ಬೆಳಗಿದವು. "ಬಿಚ್ಚಲೇನು?"

"ಮುಟ್ಟಬ್ಯಾಡ."

"ಯಾಕ? ಸರ ಇದರಾಗ ಐತಿ. ಸಿಕ್ರ ನನ್ನ ಮಗಳು ಪಾರಾಗ್ತಾಳ."

"ಸಿಕ್ರ ನಿನ್ನ ಮಗಳು ಮುಳುಗ್ತಾಳ. ಬಿಚ್ಚಿದ ಕೂಡ್ಲೆ ಆ ಮನಶಾ ಏನಂತಾನ? ಕೌದಿ ಹೊಲ್ಯಾಕಿ ಮಗಳು, ಕೌದ್ಯಾಗ ಹೊಲದಿಟ್ಟಾಳ ಅಂತಾನ. ಊರ ನಂಬತೈತಿ."

"ಆಕಿಗೆ ಗುಂಡಿ ಹಚ್ಚಾಕ ಸುದ್ದಾ ಬರೂದಿಲ್ಲಣ್ಣ."

"ಅದು ನಿನಗ ಗೊತ್ತು. ಠಾಣೇಕ ಗೊತ್ತಿಲ್ಲ. ಮೊದಲ ಕೈ ಸಿಗಬೇಕು, ಆಮ್ಯಾಲೆ ಸರ."

ಅವನು ಕೌದಿಯನ್ನು ಮಡಚಿ, ಕಿವಿಯ ಮೂಲೆ ಒಳಗಾಗುವಂತೆ ಇಟ್ಟು, ತಾನೇ ಒಯ್ದು ಪೂಜಾಳ ಕೈಗೆ ಕೊಟ್ಟ. ಚನ್ನವೀರಪ್ಪ ಅದನ್ನು ಇಸಿದುಕೊಂಡು ತೊಡೆಯ ಕೆಳಗೆ ಸೇರಿಸಿದ. ಗುತ್ತೆವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು. ನೋಡಿದವರು ಅಳುತ್ತಿದ್ದಾಳೆ ಎಂದುಕೊಳ್ಳಬೇಕು.

ಹೊರಗೆ ಬೇವಿನ ಮರದ ಕೆಳಗೆ ಸವಣೂರಿನ ಇಜಾಜ ಗಾಡಿ ತೊಳೆಯುತ್ತಿದ್ದ. ಈ ಮನೆಗೆ ಆರು ವರ್ಷದ ಡ್ರೈವರು. ಕೌದಿ ಗಾಡಿಯಲ್ಲಿ ಯಾರ ಬಳಿ ಇತ್ತು ಎಂದು ಕೊಟ್ರೇಶ ಕೇಳಿದ್ದಕ್ಕೆ ಅವನು ಪೈಪು ನಿಲ್ಲಿಸಿದ.

"ಹೋಗಾಗ ಎಲ್ಲಾರ ಮೈಮ್ಯಾಲೂ ಇತ್ರಿ. ದಂಡಿ ಮ್ಯಾಲೆ ಹಾಸಿದ್ರು. ಬರಾಗ ಸಾವ್ಕಾರ್ರ ಕಾಲಮ್ಯಾಗ."

"ಎಲ್ಲೆರ ನಿಲ್ಲಿಸಿದ್ರೇನು?"

"ಶಿರಸಿಯಾಗ. ಚಾ ಕುಡ್ಯಾಕ ಇಳದ್ವಿ. ಸಾವ್ಕಾರ್ರು ಮೊಣಕಾಲು ಹಿಡದಾವ ಅಂತ ಇಳೀಲಿಲ್ಲ. ಚನ್ನೇಶಣ್ಣಾರು ಹಿಂದಿನ ಸೀಟಿನ್ಯಾಗ ನಿದ್ದಿ ಮಾಡಾಕತ್ತಿದ್ರು. ನಿದ್ದಿ ಅಂದ್ರ, ಕಣ್ಣು ಮುಚ್ಚಿದ್ರು. ಅರ್ಧಾ ತಾಸು ಗ್ಲಾಸ್ ಏರ್ಸಿಕೊಂಡ ಕುಂತಿದ್ರು ಇಬ್ರೂ."

"ಗಾಡ್ಯಾಗ ದಬ್ಬಣ ಇರ್ತೈತೇನು?"

"ತಾಡಪತ್ರಿ ಹೊಲ್ಯಾಕ ಬೇಕಲ್ರಿ. ಅದರ ದಾರಾನೂ ಇರ್ತೈತಿ." ಇಜಾಜ ಚಿಂದಿಯನ್ನು ಹಿಂಡಿದ. "ಹಿಂದಿನ ಡಬ್ಬಿಯಾಗ ಇಟ್ಟಿದ್ನಿ. ನಿನ್ನೆ ಊರಿಗೆ ಬಂದು ನೋಡಿದ್ರ ಸೀಟಿನ ಬುಡಕ ಬಿದ್ದಿತ್ತು. ಇದನ್ನ ನನ್ನ ಹೆಸರ್ಲೇ ಹೇಳಬ್ಯಾಡ್ರಿ. ಮೂರು ಮಕ್ಕಳದಾವ."

"ಹೇಳೂದಿಲ್ಲ. ಹುಡುಗಿ ಹೆಂಗಿದ್ಲು ದಾರ್ಯಾಗ?"

ಇಜಾಜ ಗಾಡಿಯ ಒಳಗಿನ ಕನ್ನಡಿಯ ಕಡೆ ನೋಡಿದ. ಅದು ಇನ್ನೂ ಮೇಲ್ಮುಖವಾಗಿ, ಗಾಡಿಯ ಚಾವಣಿ ನೋಡುತ್ತಿತ್ತು.

"ಕುಮಟಾದಿಂದ ಅಳಾಕತ್ತಿದ್ಲು, ಸದ್ದಿಲ್ದ. ನಾ ಕನ್ನಡಿ ಮ್ಯಾಲೆ ತಿರಿವಿಬಿಟ್ನಿ. ಪೂರಾ ದೇವಿಮನೆ ಘಾಟು ಹಂಗ ಹೊಡ್ದೇನಿ ನೋಡ್ರಿ. ಹಿಂದಿನ ಲಾರಿಯವ್ರು ಬೈದ ಬೈಗುಳ ಇನ್ನೂ ಕಿವ್ಯಾಗದಾವ."

ಎಲ್ಲರೂ ನೆಟ್ಟ ಕಣ್ಣಿನಿಂದ ನೋಡುತ್ತಿರುವಾಗ ಒಬ್ಬ ನೋಡದೆ ಇರುವುದೂ ಉಪಕಾರವೇ. ಕೊಟ್ರೇಶ ಅವನ ಒದ್ದೆ ಹೆಗಲ ಮೇಲೆ ಕೈಯಿಟ್ಟು ಮುಂದೆ ಹೋದ.

ಹೇಮಾ ಅಂಗಳದ ಬಾಗಿಲ ಹೊರಗಿನ ಕಲ್ಲಿನ ಮೇಲೆ ಕುಳಿತಿದ್ದಳು. ಒಳಗೆ ಕಾಲಿಡಕೂಡದೆಂದು ಅಪ್ಪಣೆಯಾಗಿತ್ತು.

"ಒಂದ ಮಾತು ಕೇಳ್ತೇನಿ," ಎಂದ ಕೊಟ್ರೇಶ. "ಒಂದು ಸೊಳ್ಳಿ ಹೊಡ್ಯಾಕ ಈ ಮನಶಾ ತೋಪು ಹಚ್ಚಾಕತ್ತಾನ. ಯಾಕ? ಮಿರ್ಜಾನದ ಕ್ವಾಟ್ಯಾಗ, ಕಡಲ ದಂಡ್ಯಾಗ ಏನರ ಆತೇನು?"

ಅವಳು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದಳು. "ಏನೂ ಇಲ್ರಿ. ನೋಡಿ ಬಂದ್ವಿ."

ಈ ಉತ್ತರ ಅವನಿಗೆ ಗೊತ್ತಿತ್ತು. ಟಿಕೆಟ್ ಇಲ್ಲದವರು ಕಿಸೆ, ಚೀಲ, ಜಂಪರು ಎಲ್ಲ ತಡಕಿ ನಾಟಕ ಮಾಡುತ್ತಾರೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡವರು ಮಾತ್ರ ಹೀಗೆ ಸುಮ್ಮನೆ ನೆಲ ನೋಡುತ್ತಾರೆ. ಅವನು ಒತ್ತಾಯ ಮಾಡಲಿಲ್ಲ.

ಈಗ ಅವನ ಲೆಕ್ಕದಲ್ಲಿ ಕೈಗಳು ಎರಡೇ. ಗಾಡಿಯಲ್ಲಿ ಉಳಿದ ಅಪ್ಪನದು, ಇಲ್ಲವೆ ಮಗನದು. ಬಾಯಿಂದ ಕೇಳಿದರೆ ಇಬ್ಬರೂ ಸುಳ್ಳೇ ಹೇಳುವವರು. ಕೈಯನ್ನೇ ಕೇಳಬೇಕು.

ಮನೆಯ ಎಡಕ್ಕೆ ಕಣದಲ್ಲಿ ಗೋವಿನಜೋಳದ ರಾಶಿ ಬಿದ್ದಿತ್ತು. ಲಾರಿ ಬಂದು ನಿಂತಿತ್ತು. ಹಮಾಲ ಗುಡ್ಡಪ್ಪ ತುಂಬಿದ ಚೀಲಗಳ ಬಾಯಿಯನ್ನು ಕೈಮಷೀನಿನಿಂದ ಹೊಲಿಯುತ್ತಿದ್ದ. ಕೊಟ್ರೇಶ ಅವನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕುಳಿತ.

"ಗುಡ್ಡಪ್ಪ, ಒಂದ ತಾಸು ನಿನ್ನ ಮಷೀನ್ ಕೆಟ್ಟೈತಿ."

"ಇಲ್ರಿ, ಚೊಲೋ ನಡದೈತಿ."

"ಕೆಟ್ಟೈತಿ ಅಂದ್ನಿ. ದಬ್ಬಣ ತಗೊ. ಕೈಲೇ ಹೊಲಿ. ಹೊಲಸಾಗಿ ಹೊಲೀಬೇಕು."

ಗುಡ್ಡಪ್ಪ ಒಂದು ಕ್ಷಣ ಯೋಚಿಸಿ ವೈರು ಕಿತ್ತ. "ಅದಕ್ಕ ಹೇಳೂದು ಬ್ಯಾಡ್ರಿ. ನನಗ ಚೊಲೋ ಹೊಲ್ಯಾಕ ಬರೂದ ಇಲ್ಲ."

ಹದಿನೈದು ನಿಮಿಷದಲ್ಲಿ ಅದರ ಫಲ ಕಂಡಿತು. ಮೊದಲ ಚೀಲ ಹೆಗಲಿಗೇರಿದ ಕೂಡಲೇ ಬಾಯಿಬಿಟ್ಟು ಕಣದ ತುಂಬ ಜೋಳ ಚೆಲ್ಲಿತು. ಲಾರಿಯವನು ಕೂಗಾಡಿದ. ಆ ಗದ್ದಲಕ್ಕೆ ಮನೆಯವರೆಲ್ಲ ಕಟ್ಟೆಗೆ ಬಂದರು. ನೆರೆಯ ನಾಲ್ಕಾರು ಮಂದಿ ಬೇಲಿಗೆ ಬಂದರು.

"ಚನ್ನೇಶಣ್ಣಾರ, ನಿಮ್ಮ ಮಾಲು ನೆಲಕ್ಕ ಬೀಳಾಕತ್ತೈತಿ. ಇಂವಗ ಒಂಚೂರು ತೋರ್ಸಿಕೊಡ್ರಿ," ಎಂದ ಕೊಟ್ರೇಶ.

ಚನ್ನೇಶ ದಬ್ಬಣವನ್ನು ಪೆನ್ನು ಹಿಡಿದಂತೆ ಹಿಡಿದ. ಎರಡನೆಯ ಹೊಲಿಗೆಗೆ ಬೆರಳು ಚುಚ್ಚಿಕೊಂಡು ಬಾಯಿಗಿಟ್ಟ. ಬೇಲಿಯ ಆಚೆ ಯಾರೋ, "ಹಾಲು ಕುಡೀಲಿ ಬಿಡ್ರಿ" ಎಂದು ನಕ್ಕರು.

ಕೊಟ್ರೇಶ ಎದ್ದು ಧೂಳು ಕೊಡವಿಕೊಂಡ. ಕಟ್ಟೆಗೆ ಕೇಳುವಷ್ಟು ಗಟ್ಟಿಯಾಗಿ, ಗುಡ್ಡಪ್ಪನಿಗೆ ಹೇಳುವಂತೆ ಅಂದ:

"ಬಿಡಪಾ, ಇವರನ್ನ ಕೇಳಿ ಏನುಪಯೋಗ. ಕುಂತು ಉಣ್ಣೂ ಮನಿತನ. ಚೀಲದ ಬಾಯಿ ಯಾವುದು, ಬುಡ ಯಾವುದು ಅಂತ ಇವರಿಗೆ ಹೆಂಗ ಗೊತ್ತಾಗಬೇಕು. ಹಿರೇಕೆರೂರ ಪ್ಯಾಟ್ಯಾಗಿನ ಕುಡುಕ ಹಮಾಲ ಸುದ್ದಾ ಇವರಿಗಿಂತ ಚೊಲೋ ಹೊಲೀತಾನ."

ಚನ್ನವೀರಪ್ಪ ಕಟ್ಟೆ ಇಳಿದ.

ಜೋಳ ಚೆಲ್ಲಿದ್ದಕ್ಕೆ ಅವನಿಗೆ ಅಷ್ಟು ಸಿಟ್ಟಿರಲಿಲ್ಲ. ಆ ಹೊಲಿಗೆ ಅವನ ಕಣ್ಣಿಗೆ ಚುಚ್ಚುತ್ತಿತ್ತು. ವಕ್ರ ಹೊಲಿಗೆ ಕಂಡರೆ ಸಹಿಸಲಾರದ ಒಂದು ಕೈ, ರೇಷ್ಮೆ ಅಂಗಿಯ ತೋಳಿನೊಳಗೆ ನಲವತ್ತು ವರ್ಷದಿಂದ ಸುಮ್ಮನೆ ಕುಳಿತಿತ್ತು.

"ಸರಿ ಆಕಡೆ. ದನಾ ಕಾಯಾಕೂ ಲಾಯಕ್ಕಿಲ್ಲದವ್ರೆಲ್ಲ ಚೀಲ ಹೊಲ್ಯಾಕ ಬಂದೀರಿ." ಮಗನ ಕೈಯಿಂದ ದಬ್ಬಣ ಕಿತ್ತುಕೊಂಡ. "ನೋಡ್ಕೊ. ಹಿಂಗ."

ನೋಡುವಂತೆಯೇ ಇತ್ತು. ಚೀಲದ ಅಂಚನ್ನು ಎರಡು ಮಡಿಕೆ ಮಾಡಿ ಮೊಣಕಾಲಿಗೆ ಒತ್ತಿದ. ದಬ್ಬಣ ಒಳಗೆ ಹೋಗಿ ಹೊರಗೆ ಬಂತು, ಮತ್ತೆ ಹೋಯಿತು. ಒಂದೊಂದು ಹೊಲಿಗೆಗೂ ನಡುವೆ ಒಂದೇ ಬೆರಳಿನ ಅಂತರ. ಕೊನೆಗೆ ಮೂಲೆಗೆ ಬಂದ. ತುದಿಯನ್ನು ಎರಡು ಸಲ ತಿರುಚಿ ಕಿವಿ ಎಬ್ಬಿಸಿದ, ದಾರವನ್ನು ಎಡಕ್ಕೆ ಎರಡು ಸುತ್ತು ಹಾಕಿ, ಬಾಲವನ್ನು ಸುತ್ತಿನ ಬುಡಕ್ಕೆ ತೂರಿಸಿ ಎಳೆದ. ಗಂಟೇ ಇಲ್ಲ. ಆದರೂ ಎತ್ತು ಎಳೆದರೂ ಬಿಚ್ಚದು.

ಗುಡ್ಡಪ್ಪ ಭಕ್ತಿಯಿಂದ ನೋಡುತ್ತಿದ್ದ.

"ಇದು ಗುದ್ಲೆಪ್ಪನ ಕಿವಿ," ಎಂದ ಕೊಟ್ರೇಶ ಮೆಲ್ಲಗೆ.

ಚನ್ನವೀರಪ್ಪನ ಕೈ ನಿಂತಿತು.

"ಹಿರೇಕೆರೂರು ಪ್ಯಾಟ್ಯಾಗ ಚೀಲ ಹೊಲ್ಯಾವ್ರ ಒಂದು ಗುಂಪಿತ್ರಿ, ಗುದ್ಲೆಪ್ಪ ಅನ್ನಾಂವಂದು. ಅವನ ಹುಡುಗರು ಬಿಟ್ರ ಈ ಸುತ್ತು ಯಾರಿಗೂ ಬರ್ತಿದ್ದಿಲ್ಲ. ಬಸ್ಸಿನ ಮ್ಯಾಲೆ ಚೀಲ ಏರ್ಸಿದ್ರ ಕಿವಿ ನೋಡಿನ ನಾವು ಹೇಳ್ತಿದ್ವಿ, ಇದು ಆ ಗುಂಪಿಂದು ಅಂತ. ಅಣ್ಣತಮ್ಮರ ಜಗಳ ಆಗಿ ಮನಿ ಬಿಟ್ಟು ಹೋದ ನೀವು ಎರಡು ವರ್ಷ ಅಲ್ಲಿ ದಲಾಲಿ ಮಾಡ್ತಿದ್ರಿ ಅಂತ ಊರಾಗ ಹೇಳ್ತಾರ. ನಿಮ್ಮ ಕೈ ಬ್ಯಾರೆ ಹೇಳ್ತೈತ್ರಿ."

"ಹೊಲೀತಿದ್ನಿ. ಏನೀಗ?" ಸಾವ್ಕಾರನ ಮೀಸೆಯ ಕೆಳಗೆ ತುಟಿ ಕೊಂಕಿತು. "ದುಡದು ತಿಂದೇನಿ. ನಿನ್ನಂಗ ಮಂದಿ ಕಿಸೇದಾಗ ಇಣಿಕಿ ತಿಂದಿಲ್ಲ."

"ದುಡದಿದ್ದಕ್ಕ ನಾಚಬೇಕಾಗಿದ್ದಿಲ್ರಿ. ಆ ಕೈ ಚೊಲೋ ಕೈ. ಅದರ್ಲೇ ಶಿರಸಿಯಾಗ ಮಾಡಿದ ಕೆಲಸಕ್ಕ ನಾಚಬೇಕು." ಕೊಟ್ರೇಶ ಕಟ್ಟೆಯ ಕಡೆ ತಿರುಗಿದ. "ಪೂಜವ್ವ, ತೂಗುಮಣಿ ಮ್ಯಾಲಿನ ಕೌದಿ ತರ್ತಿ?"

"ತರಬ್ಯಾಡ," ಎಂದ ಚನ್ನವೀರಪ್ಪ.

ಪೂಜಾ ಆಗಲೇ ಒಳಗೆ ಹೋಗಿದ್ದಳು.

ಕೌದಿಯನ್ನು ಜೋಳದ ಚೀಲದ ಪಕ್ಕ ಹಾಸಿದರು. ಚೀಲದ ಕಿವಿ, ಕೌದಿಯ ಕಿವಿ. ತಿರುಚು ಎರಡು, ಸುತ್ತು ಎಡಕ್ಕೆ, ಬಾಲ ಬುಡಕ್ಕೆ. ಬೇಲಿ ದಾಟಿ ಒಳಗೆ ಬಂದಿದ್ದ ನೆರೆಯವರು ಬಗ್ಗಿ ಬಗ್ಗಿ ನೋಡಿದರು. ಇಂಥ ಊರಿನಲ್ಲಿ ಚೀಲದ ಹೊಲಿಗೆ ಓದಲು ಯಾರಿಗೂ ಕಲಿಸಬೇಕಿಲ್ಲ.

"ಈಗ ಬಿಚ್ಚವ್ವ," ಎಂದ ಕೊಟ್ರೇಶ.

ಗುತ್ತೆವ್ವ ದಾರವನ್ನು ಹಲ್ಲಿನಿಂದ ಕಡಿದು ಮೂಲೆ ಬಿಚ್ಚಿದಳು. ಮೊದಲು ಒಂದಿಷ್ಟು ಕಡಲ ಉಸುಕು ಉದುರಿತು. ಹಿಂದೆಯೇ ಬೋರಮಾಳ ಸರ, ಒಂದೊಂದು ಗುಂಡೂ ಬಿಸಿಲಿಗೆ ಮಿನುಗುತ್ತ, ಅವಳ ಉಡಿಯೊಳಗೆ ಬಿತ್ತು. ಅವಳು ಅದನ್ನು ಉಡಿಯಲ್ಲಿ ಇರಗೊಡಲಿಲ್ಲ. ಕೂಡಲೇ ಎತ್ತಿ ಜೋಳದ ರಾಶಿಯ ಮೇಲಿಟ್ಟು ಕೈ ಒರೆಸಿಕೊಂಡಳು.

ಆಗ ಚನ್ನವೀರಪ್ಪ ನಕ್ಕ.

"ನನ್ನ ಹೇಣ್ತಿ ಸರ. ನನ್ನ ಹೇಣ್ತಿ ಸೀರಿ ಕೌದಿ. ನಾ ಅದರಾಗ ಇಟ್ನಿ. ಯಾವ ಕಾಯ್ದೇದಾಗ ತಪ್ಪೈತಿ? ತನ್ನದ ತಾ ಕದ್ದಾಂವಗ ಶಿಕ್ಷಾ ಕೊಡೂ ಜಡ್ಜ್ ಇನ್ನೂ ಹುಟ್ಟಿಲ್ಲ."

"ಖರೇ ಅದ," ಎಂದ ಕೊಟ್ರೇಶ. "ಆಕಿ ಚೀಲದಾಗ ಇಟ್ಟಿದ್ರ ಅಲ್ಲೇ ಸಿಗ್ತಿತ್ತು, ಪೊಲೀಸರು ಒಯ್ತಿದ್ರು. ಬಂಗಾರ ಬಿಡಾಕ ನಿಮಗ ಮನಸಿಲ್ಲ. ಮ್ಯಾಲೆ, ಸಿಕ್ಕ ಕಳವು ನಾಕ ದಿನದ ಮಾತು, ಸಿಗದ ಕಳವು ಜಲ್ಮದ ಮಾತು. ಆ ಹುಡುಗಿ ಇನ್ನ ಏನ್ ಹೇಳಿದ್ರೂ ಮಂದಿ ಕಳ್ಳಿ ಮಾತು ಅನ್ನಬೇಕಾಗಿತ್ತು. ಆಕಿ ಹೇಳೂದು ಏನೈತ್ರಿ ಅಂಥಾದ್ದು?"

ನಗು ನಿಂತಿತು. ಚನ್ನವೀರಪ್ಪ ಅಂಗಿಯ ಕಿಸೆಯಿಂದ ಫಿರ್ಯಾದಿ ತೆಗೆದು ಮಡಿಕೆ ಬಿಚ್ಚಿದ. ಹೊರಗಿನ ಕಲ್ಲಿನ ಮೇಲೆ ಎದ್ದು ನಿಂತಿದ್ದ ಹೇಮಾಳನ್ನು ಎರಡು ದಿನದಲ್ಲಿ ಮೊದಲ ಬಾರಿಗೆ ಹೆಸರು ಹಿಡಿದು ಕರೆದ.

"ಹೇಮಾ, ಒಳಗ ಬಾ. ಇದನ್ನ ಇಲ್ಲೇ ಹರೀತೇನಿ. ನೌಕರಿಗೆ ಹೋಗು, ಸುಖವಾಗಿರು. ನೀ ಕ್ವಾಟಿ ನೋಡ್ದಿ, ಕಡಲ ನೋಡ್ದಿ, ಬಂದಿ. ಅಷ್ಟ, ಹೌದಲ್ಲ?" ದನಿ ಮೃದುವಾಗಿತ್ತು, ಕಾಗದವನ್ನು ಹಿಡಿದ ಬೆರಳು ಬಿಳಿಚಿದ್ದವು. "ಹೌದು ಅನ್ನು. ಇಲ್ಲಂದ್ರ ಕಳವಿಂದಲ್ಲದಿದ್ರ ಬ್ಯಾರೆ ಕಾಗದ ಬರೀತೇನಿ. ನಿನ್ನ ನೌಕರಿ ಹಾಳಿ ಹತ್ತ ಟೇಬಲ್ ದಾಟಬೇಕು. ಅದರಾಗ ಐದು ಟೇಬಲ್ಲಿನ್ಯಾಗ ನನ್ನ ಮಂದಿ ಅದಾರ."

ಗುತ್ತೆವ್ವ ಮಗಳ ತೋಳು ಹಿಡಿದಳು. "ಹೌದು ಅನ್ನವ್ವ. ನಮಗ್ಯಾಕ ದೊಡ್ಡವ್ರ ಉಸಾಬರಿ. ಅಂದು ಮುಗಿಸಿಬಿಡು, ಮನಿಗೆ ಹೋಗೂಣು."

ಹೇಮಾ ಅವ್ವನನ್ನು ನೋಡಿದಳು. ಆ ಕಾಗದವನ್ನು ನೋಡಿದಳು. ಇದು ಕೊಟ್ರೇಶ ಹೇಳಿಕೊಡುವ ಮಾತಾಗಿರಲಿಲ್ಲ.

"ಶನಿವಾರ ಊಟದ ಮುಂಚೆ ಇಂಜೆಕ್ಷನ್ ಕೊಡಾಕ ಇವರನ್ನ ಹುಡಿಕ್ಕೋತ ಬುರುಜಿಗೆ ಹೋಗಿದ್ನಿ," ಎಂದಳು. ಮೊದಲ ಮಾತು ನಡುಗಿತು, ಎರಡನೆಯದು ನಡುಗಲಿಲ್ಲ. "ಕಡೀ ಮೆಟ್ಲ ಭಾಳ ಎತ್ತರ ಐತಿ. ಮ್ಯಾಲೆ ಒಬ್ಬಾರು ನಿಂತಿದ್ರು, ಬಿಳಿ ಅಂಗಿಯವ್ರು. ಹುಷಾರ ತಂಗಿ ಅಂತ ಕೈ ಕೊಟ್ಟು ಹತ್ತಿಸಿಕೊಂಡ್ರು. ಇವರೂ ಅವರೂ ಏನೋ ಜಗಳಾಡಾಕತ್ತಿದ್ರು. ನನ್ನ ನೋಡಿ ಸುಮ್ಮನಾದ್ರು. ಇವರು ನನಗ, ನೀರಿನ ಬಾಟ್ಲಿ ತಾ ಹೋಗು ಅಂದ್ರು. ಕೆಳಗ ಮೆಟ್ಲ ಬುಡಕ ಇಟ್ಟಿದ್ನಿ. ತಗೊಂಡು ಹತ್ತಿದ್ನಿ. ಅಷ್ಟ ಹೊತ್ತು."

"ಹೇಮಾ," ಎಂದ ಚನ್ನವೀರಪ್ಪ.

"ಮ್ಯಾಲೆ ಇವರೊಬ್ರ ಇದ್ರು. ಇಳ್ಯಾಕ ಬ್ಯಾರೆ ದಾರಿ ಇಲ್ಲ, ಆಕಡೆ ಬರೇ ಕಂದಕ. ಅವರು ನನ್ನ ದಾಟಿ ಇಳೀಲಿಲ್ಲ. ಎಲ್ಲಿ ಹೋದ್ರು ಅಂತ ಕೇಳಿದ್ನಿ. ಯಾರೂ ಇದ್ದಿಲ್ಲ, ನಿನಗ ಬಿಸಿಲು ಹತ್ತೈತಿ ಅಂದ್ರು. ಮರದಿನ ಮುಂಜಾನೆ ನಾ ಕಳ್ಳಿ ಆದ್ನಿ." ಅವಳು ಕಾಗದದಿಂದ ಕಣ್ಣೆತ್ತಿ ಸಾವ್ಕಾರನನ್ನೇ ನೋಡಿದಳು. "ನೌಕರಿ ಹೋದ್ರ ಹೋಗ್ಲಿ. ತಂಗಿ ಅಂದು ಕೈ ಕೊಟ್ಟಾವ್ರನ್ನ ಇದ್ದ ಇಲ್ಲಂತ ನಾ ಹೆಂಗ ಹೇಳ್ಲಿ?"

ಕಟ್ಟೆಯಿಂದ ಪೂಜಾ ಇಳಿದು ಬಂದಳು. ಅವಳ ಕೈಯಲ್ಲಿ ಫೋನಿತ್ತು. ಅದರ ಮೇಲೆ ಒಂದು ಫೋಟೋ ತೆಗೆದು ಹೇಮಾಳ ಮುಂದೆ ಹಿಡಿದಳು. ಹೇಮಾ ತನ್ನ ಕೈಯನ್ನೂ ಅದಕ್ಕೆ ಕೊಟ್ಟು ಹಿಡಿದಳು.

"ನಮ್ಮಣ್ಣ," ಎಂದಳು ಪೂಜಾ. "ಶನಿವಾರದಿಂದ ಫೋನ್ ಹತ್ತವಲ್ದು."

ಹೇಮಾ ಒಂದೇ ಸಲ ನೋಡಿದಳು. ಎರಡನೆಯ ಸಲ ಬೇಕಾಗಿರಲಿಲ್ಲ.

"ಹೌದು, ಇವರ," ಎಂದಳು.

ಪೂಜಾ ಮಾವನ ಕಡೆ ತಿರುಗಿದಳು. ಚನ್ನವೀರಪ್ಪ ಫಿರ್ಯಾದಿಯನ್ನು ನಿಧಾನವಾಗಿ, ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಇಷ್ಟೂ ಮಂದಿಯ ಮೇಲೆ ಒಂದೇ ಸಮನಾದ ಹೇಸಿಗೆ ಇತ್ತು.

"ನನ್ನ ಯಾಕ ನೋಡ್ತಿ?" ಎಂದ ಸೊಸೆಗೆ. "ನಾ ಬುರುಜಿಗೆ ಹೋದಾಗ ಅಂವ ಆಗಲೇ ಅಲ್ಲಿ ಬಂದು ನಿಂತಿದ್ದ. ಅವನ್ನ ಅಲ್ಲಿಗೆ ಕರಸಿದಾಂವ ನಾನಲ್ಲ. ನಿನ್ನ ಗಂಡನ್ನ ಕೇಳು."